ಕಾಕಾ ಕೈ ಎತ್ತದ ಇಪ್ಪತ್ತು ನಿಮಿಷ

ಅವರು ನನ್ನ ಮೇಲೆ ಬರ್ನರಿನ ರಿಂಗು ಎಸೆದದ್ದು ನಾನು ಕೆಲಸಕ್ಕೆ ಸೇರಿದ ಹನ್ನೊಂದನೆಯ ದಿವಸ. ಬೀಡು ಕಬ್ಬಿಣದ ರಿಂಗು, ಎರಡು ಕಿಲೋ ಆದರೂ ಇದ್ದೀತು. ನನ್ನ ಬಲಗಿವಿಯಿಂದ ಒಂದು ಗೇಣು ದೂರದಲ್ಲಿ ಹಾದು ಹಿಂದಿನ ಪ್ಲೈವುಡ್ ಗೋಡೆಯನ್ನು ತೂರಿಕೊಂಡು ಆಚೆ ಬಿತ್ತು. ನಾನು ಕೂತವಳು ಕೂತ ಹಾಗೇ ಇದ್ದೆ. ಅವರು ನನ್ನ ಕಡೆ ನೋಡದೆ ನೇರ ಗೋಡೆಯ ಆಚೆ ಹೋದರು. ರಿಂಗನ್ನು ಎತ್ತಿ ಬೆಳಕಿಗೆ ಹಿಡಿದು, ಎಲ್ಲಾದರೂ ಸೀಳು ಬಿಟ್ಟಿದೆಯೇ ಎಂದು ತಿರುಗಿಸಿ ತಿರುಗಿಸಿ ನೋಡಿದರು. ಬಿಟ್ಟಿರಲಿಲ್ಲ. ಒರೆಸಿಕೊಂಡು ಕೆಳಗೆ ಒಯ್ದರು.

ನನ್ನ ತಪ್ಪು ಇಷ್ಟೇ. ಯಾರೋ ಫೋನ್ ಮಾಡಿ, ವಿಲೆ ಪಾರ್ಲೆಯ ಒಂದು ಹೋಟೆಲಿನ ಮುಖ್ಯ ಅಡುಗೆಯವನ ನಂಬರು ಬೇಕು ಅಂದಿದ್ದರು. ಮಾತು ಮೆತ್ತಗಿತ್ತು. ಹಿಂದಿನ ದಿನ ಆ ಅಡುಗೆಯವನೇ ಆಫೀಸಿಗೆ ಫೋನ್ ಮಾಡಿದ್ದರಿಂದ ನಂಬರು ನನ್ನ ಹತ್ತಿರ ಇತ್ತು, ಕೊಟ್ಟುಬಿಟ್ಟೆ. ಕೇಳಿದವನು ನಮ್ಮ ಹಾಗೇ ಹೋಟೆಲುಗಳಿಗೆ ಸಾಮಾನು ಮಾಡಿಕೊಡುವ ಇನ್ನೊಂದು ಕಡೆಯವನು. ಮಧ್ಯಾಹ್ನದೊಳಗೆ ಆ ಹೋಟೆಲಿನ ಎರಡು ಭಟ್ಟಿಗಳ, ಅಂದರೆ ದೊಡ್ಡ ಒಲೆಗಳ, ಆರ್ಡರು ನಮ್ಮ ಕೈಬಿಟ್ಟಿತು.

ನಮ್ಮದು ಜೋಗೇಶ್ವರಿಯ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನೆಲ ಅಂತಸ್ತಿನ ಗಾಳಾ. ಮುಂಬಯಿಯಲ್ಲಿ ಸಣ್ಣ ಕಾರಖಾನೆಯ ಜಾಗಕ್ಕೆ ಗಾಳಾ ಅನ್ನುತ್ತಾರೆ. ಹೋಟೆಲಿನ ಅಡುಗೆಮನೆಗೆ ಬೇಕಾದ ಭಟ್ಟಿ, ದೋಸೆ ತವಾ, ಸ್ಟೀಲಿನ ಮೇಜು, ಹೊಗೆ ಎಳೆಯುವ ಚಿಮಣಿ, ಇವನ್ನು ಮಾಡುವುದು, ಕೂರಿಸುವುದು, ಕೆಟ್ಟರೆ ರಿಪೇರಿ. ಕೆಳಗೆ ವೆಲ್ಡಿಂಗು, ಪತ್ರಾ ಅಂದರೆ ಲೋಹದ ತಗಡು ಬಡಿಯುವ ಸದ್ದು. ಗಾಳಾದೊಳಗೇ ಅರ್ಧ ಎತ್ತರಕ್ಕೆ ಹಲಗೆ ಹೊಡೆದು ಮಾಡಿದ ಅಟ್ಟದ ಮೇಲೆ ಆಫೀಸು. ಅಲ್ಲಿಗೆ ಹತ್ತಲು ಕಡಿದಾದ ಒಂದು ಕಬ್ಬಿಣದ ಮೆಟ್ಟಿಲು. ಆಫೀಸು ಅಂದರೆ ಒಂದು ಕಂಪ್ಯೂಟರು ಮತ್ತು ನಾನು. ಬೆಳಗಾವಿಯಿಂದ ಮದುವೆಯಾಗಿ ಬಂದವಳಿಗೆ ಅದು ಮುಂಬಯಿಯ ಮೊದಲ ನೌಕರಿ. ಮಾಲಕರು ಉಡುಪಿ ಕಡೆಯವರು. ಕೆಲಸದವರು ಎಂಟು ಜನ. ರಿಂಗು ಎಸೆದ ಅವರು ಎಲ್ಲರಿಗೂ ಹಿರಿಯರು. ವಿಜಾಪುರ ಜಿಲ್ಲೆಯವರು. ಎಲ್ಲರೂ 'ಕಾಕಾ' ಅನ್ನುತ್ತಿದ್ದರು, ಬೇರೆ ಹೆಸರಿನಿಂದ ಯಾರೂ ಕರೆದದ್ದು ನಾನು ಕೇಳಲಿಲ್ಲ.

ಗಿಡ್ಡ ಆಳು. ಕುತ್ತಿಗೆ ಅನ್ನುವುದೇ ಇಲ್ಲವೇನೋ ಎಂಬಂತೆ ತಲೆ ನೇರ ಭುಜಕ್ಕೆ ಕೂತಿತ್ತು. ಎಂಥ ಸೆಕೆಯಲ್ಲೂ ತುಂಬುತೋಳಿನ ಬಿಳೀ ಶರ್ಟು. ಹಣೆಗೆ ಮೂರು ಬೆರಳಿನ ವಿಭೂತಿ, ಹನ್ನೊಂದು ಗಂಟೆಗೆಲ್ಲ ಬೆವರಿನಲ್ಲಿ ಅಳಿಸಿಹೋಗುತ್ತಿತ್ತು. ಹದಿನಾರನೇ ವಯಸ್ಸಿಗೆ ಊರು ಬಿಟ್ಟು ಬಂದು ಸಾಂತಾಕ್ರೂಜಿನ ಒಂದು ಹೋಟೆಲಿನಲ್ಲಿ ಭಟ್ಟಿಯವನ ಕೈಕೆಳಗೆ ಸೇರಿಕೊಂಡಿದ್ದರಂತೆ. ಆ ಭಟ್ಟಿಯವನು ಕಾದ ಝಾರಾ ಸೌಟಿನಿಂದಲೇ ಹೊಡೆಯುತ್ತಿದ್ದ. ಮೊಣಕೈ ಮೇಲಿನ ಆ ಗುರುತನ್ನು ಒಮ್ಮೆ ತೋಳು ಮಡಚಿ ನನಗೆ ತೋರಿಸಿದ್ದರು, ಶಾಲೆಯಲ್ಲಿ ಗೆದ್ದ ಬಹುಮಾನ ತೋರಿಸುವ ಹಾಗೆ.

"ಇದು ನನ್ನ ಸರ್ಟಿಫಿಕೇಟು. ನನಗ ಕೆಲಸ ಕಲಿಸಿದ್ದು ಏಟು, ತಂಗಿ. ಬಾಯಿಮಾತಿಂದ ಯಾವನೂ ಏನೂ ಕಲಿಯಂಗಿಲ್ಲ."

ಹಾಗಂತ ಅವರು ನಂಬಿದ್ದರು, ನಂಬಿದಂತೆ ನಡೆದರು. ಕಾಲಿಗೆ ಚಪ್ಪಲಿ ಹಾಕಿಕೊಂಡು ಗ್ರೈಂಡರ್ ಹಿಡಿದವನ ಕಾಲ ಮೇಲೇ ಸುತ್ತಿಗೆ ಬಿಟ್ಟು, "ನಾಳೆ ಬೂಟು ಹಾಕ್ಕೊಂಡು ಬಾ" ಅಂದಿದ್ದರು. ಲೋಕಲ್ ರೈಲಿನಲ್ಲಿ ತಮ್ಮನ್ನು ನೂಕಿದವನ ತಲೆಯನ್ನು ಬಾಗಿಲ ನಡುವಿನ ಕಂಬಕ್ಕೆ ಬಡಿದು, ಹುಬ್ಬು ಸೀಳಿ ರಕ್ತ ಸುರಿಯುವವನನ್ನು ಅಂಧೇರಿಯಲ್ಲಿ ತಾವೇ ಇಳಿಸಿಕೊಂಡು ಔಷಧದ ಅಂಗಡಿಗೆ ಕರೆದೊಯ್ದಿದ್ದರು. ಮರುದಿನ ನಮಗೆ ಅದನ್ನು ಹೇಳುವಾಗ ನಗುತ್ತಿದ್ದರು. ನಮಗೂ ನಗು ಬರುತ್ತಿತ್ತು. ಈಗ ನೆನೆದರೆ ಆ ನಗು ಯಾಕೆ ಬಂತೋ ಅನಿಸುತ್ತದೆ. ಏಟು ಬೇರೆಯವರ ಮೈಮೇಲೆ ಬಿದ್ದಾಗ ಕಥೆ ಚೆನ್ನಾಗಿಯೇ ಇರುತ್ತದೆ.

ಒಂದು ಮಾತು ಮಾತ್ರ ನಿಜ. ಮೂವತ್ತು ವರ್ಷದಲ್ಲಿ ಅವರು ಕೂರಿಸಿದ ಒಂದು ಭಟ್ಟಿಯೂ ಸೋರಲಿಲ್ಲ, ಒಂದು ಗ್ಯಾಸಿನ ಪೈಪೂ ಸಿಡಿಯಲಿಲ್ಲ. ಗಿರಾಕಿಗಳು ನಮ್ಮ ಕಂಪನಿಯನ್ನು ನಂಬಿರಲಿಲ್ಲ, ಅವರನ್ನು ನಂಬಿದ್ದರು. ಯಾವ ಹೋಟೆಲಿನಲ್ಲಿ ಸಾಮಾನು ತರಿಸುವ ಮನುಷ್ಯ ಯಾರು, ಅಡುಗೆಯವನು ಯಾವ ಊರವನು, ಯಾರಿಗೆ ಯಾವ ಹೊತ್ತಿನಲ್ಲಿ ಫೋನ್ ಮಾಡಬೇಕು, ಎಲ್ಲ ಅವರ ತಲೆಯಲ್ಲಿ. ಕಾಗದದ ಮೇಲೆ ಒಂದಕ್ಷರವೂ ಇಲ್ಲ.

ಒಂದು ಸಲ ಅವರಿಗೆ ಟೈಫಾಯ್ಡ್ ಆಗಿ ಹದಿನೈದು ದಿನ ಮಲಗಿದರು. ಆ ಹದಿನೈದು ದಿನ ನಾವು ಕುರುಡರಾದೆವು. ಫೋನ್ ಬರುತ್ತಿತ್ತು. ಆಚೆಯವರು "ಕಾಕಾ ಕಿಧರ್ ಹೈ?" ಅನ್ನುತ್ತಿದ್ದರು, ಇಲ್ಲ ಅಂದರೆ ಇಟ್ಟುಬಿಡುತ್ತಿದ್ದರು. ಅವರು ಎದ್ದು ಬಂದ ದಿನ ಮಾಲಕರು ಅಟ್ಟಕ್ಕೆ ಕರೆದು ಮೆಲ್ಲಗೆ ಹೇಳಿದರು.

"ನೋಡಿ ಮಾರಾಯ್ರೆ, ನಿಮಗೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ನಮ್ಮದೆಲ್ಲ ನಿಮ್ಮ ತಲೆಯ ಒಟ್ಟಿಗೇ ಹೋಗ್ತದೆ. ಎಲ್ಲ ಹೆಸರು, ನಂಬರು, ಮೇಲ್ ಐಡಿ ಈ ಹುಡುಗಿಗೆ ಹೇಳಿ. ಅವಳು ಕಂಪ್ಯೂಟರಿಗೆ ಹಾಕಿ ನಮಗೆಲ್ಲ ಕಳಿಸ್ತಾಳೆ."

ಕಾಕಾ ನನ್ನ ಮೇಜಿನ ಮೇಲಿನ ಮೌಸನ್ನು ವಯರ್ ಸಮೇತ ಕಿತ್ತುಕೊಂಡು ಮೆಟ್ಟಿಲು ಇಳಿದರು. ಪತ್ರಾ ಬಡಿಯುವ ಅಡಿಗಲ್ಲಿನ ಮೇಲೆ ಇಟ್ಟು ದೊಡ್ಡ ಸುತ್ತಿಗೆಯಿಂದ ಒಂದೇ ಏಟು. ಆಮೇಲೆ ಮೇಲೆ ನೋಡಿ, "ನನ್ನ ತಲಿ ಇನ್ನೂ ಗಟ್ಟಿ ಐತಿ" ಅಂದರು.

ಮೂರು ತಿಂಗಳು ಆ ಮಾತು ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಎರಡು ಹಳೆಯ ಹೋಟೆಲುಗಳು ನಮ್ಮನ್ನು ಬಿಟ್ಟವು, ಅವರು ಫೋನ್ ಮಾಡಿದಾಗ ಕಾಕಾ ಬೇರೆಲ್ಲೋ ಭಟ್ಟಿಯೊಳಗೆ ತಲೆ ಇಟ್ಟಿದ್ದರು ಎಂಬ ಕಾರಣಕ್ಕೆ. ಇಬ್ಬರು ಹುಡುಗರನ್ನು ಕೆಲಸದಿಂದ ಬಿಡಿಸಬೇಕಾಗಬಹುದು ಅಂತ ಮಾಲಕರು ಅಂದದ್ದು ಅವರ ಕಿವಿಗೂ ಬಿತ್ತು. ಒಂದು ಮಧ್ಯಾಹ್ನ ಊಟದ ಡಬ್ಬಿ ತೊಳೆದುಕೊಂಡು ಮೇಲೆ ಬಂದರು. ನನ್ನೆದುರಿನ ಸ್ಟೂಲಿನ ಮೇಲೆ ಕೂತು, "ಬರಕೋ" ಅಂದರು.

ಸುಮಾರು ಒಂದು ತಿಂಗಳು, ದಿನಾ ಅರ್ಧ ಗಂಟೆ ಬರೆದೆವು. ಬರೀ ಹೆಸರು, ನಂಬರು ಬರೆದರೆ ಅವರಿಗೆ ಸಮಾಧಾನವಿಲ್ಲ.

"ಪಾರ್ಲೆ ಕಾಲೇಜಿನ ಎದುರಿನ ಹೋಟ್ಲ. ಮಾಲಕಗ ಮೇಲ್ ಹಾಕಬ್ಯಾಡ, ಅಂವ ಓದಂಗಿಲ್ಲ. ಮಗಳಿಗೆ ಹಾಕು. ಬರದೀ? ಇನ್ನ ಸಾಂತಾಕ್ರೂಜ್ ಸ್ಟೇಷನ್ನಿನ ಹತ್ತಿರದ್ದು. ಮುಂಜಾನೆ ಹನ್ನೊಂದರ ತನಕ ಫೋನ್ ಮಾಡಬ್ಯಾಡ, ಪೂಜಾದಾಗ ಇರ್ತಾನ. ಅದರ ಕೆಳಗ ಬರಿ, ಇವಂಗ ನಾ ಒಮ್ಮೆ ಹೊಡದೇನಿ."

"ಕಾಕಾ, ಅದನ್ನ ಯಾಕರಿ ಬರೀಬೇಕು?"

"ನಾಳೆ ನೀ ಫೋನ್ ಮಾಡಿದಾಗ ಅಂವ ನಿನ್ನ ಮ್ಯಾಲ ಸಿಟ್ಟಾದ್ರ, ಯಾಕ ಅಂತ ನಿನಗ ಗೊತ್ತಾಗಬೇಕಿಲ್ಲ? ಬರಿ."

ಬರೆದೆ. ಹೀಗೆ ಅವರು ಹೊಡೆದ ಗಿರಾಕಿಗಳೇ ನಾಲ್ಕು ಜನ ಆ ಪಟ್ಟಿಯಲ್ಲಿದ್ದರು. ಕೊನೆಗೆ ಬಾಗಿಲು ಮುಚ್ಚಿದ ಹೋಟೆಲುಗಳನ್ನೂ ಬರೆಸಿದರು. ಅಂಥವು ಏಳೆಂಟು ಇದ್ದವು. ಒಂದು ಈಗ ಮೊಬೈಲ್ ಅಂಗಡಿ, ಒಂದು ಬ್ಯಾಂಕು, ಒಂದರ ಜಾಗದಲ್ಲಿ ಬಿಲ್ಡಿಂಗೇ ಇಲ್ಲ. "ಹೋಟ್ಲ ಸತ್ತಿರಬಹುದು, ಮಾಲಕ ಸತ್ತಿಲ್ಲ. ಎಲ್ಲೆರ ಮತ್ತ ತೆರದಾನು" ಅಂದರು.

ಪಟ್ಟಿ ಮುಗಿದ ದಿನ ನಾನು ಅದನ್ನು ಆಫೀಸಿನ ಮೇಲಿನಲ್ಲಿ ಎಲ್ಲರಿಗೂ ಹಂಚಿದೆ. ನಮ್ಮಲ್ಲಿ ಎಲ್ಲ ಕೆಲಸದವರ ಮೇಲ್ ಐಡಿಗಳನ್ನು ಸೇರಿಸಿದ ಒಂದು ಗುಂಪು ಇತ್ತು. ನನಗಿಂತ ಮೊದಲಿದ್ದವರು ಮಾಡಿಟ್ಟದ್ದು. ಆ ಗುಂಪಿನ ಹೆಸರು ಹಾಕಿ ಒಂದು ಸಲ ಒತ್ತಿದರೆ ಪಟ್ಟಿಯ ಲಿಂಕು ಎಲ್ಲರಿಗೂ ಹೋಗುತ್ತಿತ್ತು, ಪಟ್ಟಿ ನೆಟ್ಟಿನಲ್ಲೇ ಇರುತ್ತಿತ್ತು, ನಾನು ಅನುಮತಿ ತೆಗೆಯುವ ತನಕ ಯಾರು ಬೇಕಾದರೂ ಕಂಪನಿ ಕೊಟ್ಟ ತಮ್ಮ ಫೋನಿನಲ್ಲೇ ತೆರೆದು ನೋಡಬಹುದಿತ್ತು. ಒತ್ತಿದೆ. ಗುಂಪಿನೊಳಗೆ ಯಾರ್‍ಯಾರಿದ್ದಾರೆ ಅಂತ ಬಿಚ್ಚಿ ನೋಡಲಿಲ್ಲ.

ಇದಾಗಿ ಮೂರು ವಾರಕ್ಕೆ ಸಾಂತಾಕ್ರೂಜಿನ ಒಂದು ಹೋಟೆಲಿನಲ್ಲಿ ನಮ್ಮ ವೆಲ್ಡರ್ ಗ್ಯಾಸಿನ ಜೋಡಣೆ ಅರ್ಧಂಬರ್ಧ ಮಾಡಿ ಬಂದ. ಅಡುಗೆಯವನಿಗೆ ವಾಸನೆ ಬಂದು ಫೋನ್ ಮಾಡಿದ್ದಕ್ಕೆ ಅನಾಹುತ ತಪ್ಪಿತು. ಕಾಕಾ ಅವನನ್ನು ಅದೇ ಅಡುಗೆಮನೆಗೆ ಎಳೆದುಕೊಂಡು ಹೋಗಿ, ಅದೇ ಗ್ಯಾಸಿನ ರಬ್ಬರು ನಳಿಗೆಯಿಂದ, ಅಲ್ಲಿಯ ಕೆಲಸದವರೆಲ್ಲರ ಮುಂದೆ ಹೊಡೆದರು. ಶರ್ಟು ಹರಿದು ಬೆನ್ನಿಗೆ ಅಂಟಿತ್ತು ಎಂದು ಆಮೇಲೆ ನೋಡಿದವರು ಹೇಳಿದರು. ಮೂವತ್ತು ದಾಟಿದ ಗಂಡಸು, ಹೆಂಡತಿ ಮಕ್ಕಳಿದ್ದವನು. "ಹೊಡೆಯಿರಿ ಕಾಕಾ, ತಪ್ಪು ನಂದೇ, ಆದರ ಇಲ್ಲಿ ಬ್ಯಾಡ್ರಿ" ಅಂತ ಕೈ ಮುಗಿದನಂತೆ. ಅವರು ಅಲ್ಲೇ ಹೊಡೆದರು.

ಮರುದಿನ ಅವನು ಕಂಪನಿಯ ಫೋನು ತಿರುಗಿ ಕೊಟ್ಟು ಕೆಲಸ ಬಿಟ್ಟ; ಆ ಫೋನಿಲ್ಲದೆ ಅವನ ಮೇಲ್ ತೆರೆಯುತ್ತಿರಲಿಲ್ಲ. ನೇರ ಹೋಗಿ ನಮ್ಮ ಮಾಲಕರ ಹಳೆಯ ಪಾರ್ಟ್ನರನ ಹತ್ತಿರ ಸೇರಿಕೊಂಡ. ಈ ಪಾರ್ಟ್ನರ್ ಎರಡು ವರ್ಷದ ಹಿಂದೆ ಜಗಳಾಡಿ, ತನ್ನ ಪಾಲು ತೆಗೆದುಕೊಂಡು ಹೊರಬಿದ್ದವನು. ಬೇರೆ ಗಾಳಾ ಹಾಕಿದ್ದ, ಆದರೆ ಗಿರಾಕಿಗಳು ಅವನ ಹಿಂದೆ ಹೋಗಿರಲಿಲ್ಲ. ವೆಲ್ಡರ್ ಅವನಿಗೆ ಹೇಳಿದ: ಈಗ ಕಾಕಾನ ತಲೆಯಲ್ಲಿದ್ದದ್ದೆಲ್ಲ ಒಂದು ಪಟ್ಟಿಯಾಗಿದೆ.

ಎರಡು ದಿನ ಕಳೆಯಿತು. ಮೂರನೆಯ ದಿನ ಬೆಳಿಗ್ಗೆ, ಕೆಲಸ ಬಿಟ್ಟ ವೆಲ್ಡರನ ಐಡಿಯನ್ನು ಗುಂಪಿನಿಂದ ತೆಗೆಯೋಣ ಅಂತ ಮೊದಲ ಸಲ ಆ ಗುಂಪನ್ನು ಬಿಚ್ಚಿದೆ. ಅವನ ಹೆಸರಿನ ಕೆಳಗೇ ಹಳೆಯ ಪಾರ್ಟ್ನರನ ಹೆಸರಿತ್ತು. ಅವನು ಹೋಗಿ ಎರಡು ವರ್ಷವಾದರೂ ಯಾರೂ ತೆಗೆದಿರಲಿಲ್ಲ. ಅಂದರೆ ಪಟ್ಟಿಯ ಲಿಂಕು ಅವನಿಗೂ ಹೋಗಿತ್ತು. ಮೂರು ವಾರದಿಂದ ಅವನ ಹಳೆಯ ಮೇಲಿನಲ್ಲಿ ಬಿದ್ದಿತ್ತು. ಅವನು ಆ ಮೇಲ್ ತೆರೆದಿರಲಿಲ್ಲ ಅಷ್ಟೇ. ತೆರೆದರೆ ಆ ದಿನವೇ ನಮ್ಮ ಕಥೆ ಮುಗಿದಂತೆ.

ತೆಗೆಯೋಣ ಅನ್ನುವಷ್ಟರಲ್ಲಿ ನೆಟ್ ಹೋಯಿತು. ಹೊರಗೆ ರಸ್ತೆ ಅಗೆದು ಕೇಬಲ್ ಕತ್ತರಿಸಿ ಹಾಕಿದ್ದರು. ಮಾಲಕರು ಉಳಿದ ಎಲ್ಲರನ್ನೂ ಕರೆದುಕೊಂಡು ಸಾಂತಾಕ್ರೂಜಿಗೆ ಚಿಮಣಿ ಕೂರಿಸಲು ಹೋಗಿದ್ದರು. ಗಾಳಾದಲ್ಲಿದ್ದವರು ನಾವಿಬ್ಬರೇ. ಏಟು ತಿಂದರೆ ತಿಂದೆ ಅಂತ ಕೆಳಗಿಳಿದು ಕಾಕಾಗೆ ಎಲ್ಲ ಹೇಳಿದೆ. ಅವರು ಸುತ್ತಿಗೆ ಹಿಡಿದುಕೊಂಡೇ ಕೇಳಿದರು. ಹೊಡೆಯಲಿಲ್ಲ.

"ಅಂವ ನೋಡ್ಯಾನೇನು?"

"ಇನ್ನೂ ಇಲ್ರಿ. ಯಾರು ತೆರದಾರ ಅಂತ ಪಟ್ಟಿಯಾಗ ತೋರಸ್ತಿತ್ತರಿ, ಅವನ ಹೆಸರು ಇರಲಿಲ್ಲ."

"ಹಂಗಾರ ಅಳಕೋತ ನಿಂದ್ರಬ್ಯಾಡ. ಹೋಗಿ ಕಿತ್ತ ಒಗಿ."

ನನ್ನ ಮೊಬೈಲಿನ ನೆಟ್ಟನ್ನು ಕಂಪ್ಯೂಟರಿಗೆ ಜೋಡಿಸಿದೆ. ನಮ್ಮ ಗಾಳಾದಲ್ಲಿ ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು. ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು. ಹತ್ತು ನಿಮಿಷಕ್ಕೊಮ್ಮೆ ಕೆಳಗಿನಿಂದ "ಆತೇನ?" ಅನ್ನುವರು, ನಾನು "ಇಲ್ರಿ" ಅನ್ನುವೆ.

ಮಧ್ಯಾಹ್ನ ಒಂದೂವರೆ ಗಂಟೆಯ ಹೊತ್ತಿಗೆ ಹೊರಗೆ ಕಾರು ನಿಂತ ಸದ್ದು. ಹಳೆಯ ಪಾರ್ಟ್ನರ್ ಒಳಗೆ ಬಂದ, ಜೊತೆಗೆ ಇಬ್ಬರು. ಅವರಲ್ಲೊಬ್ಬ ಶಟರನ್ನು ಒಳಗಿನಿಂದ ಎಳೆದ. ಅಟ್ಟದ ಗಾಜಿನ ಕಿಟಕಿಯಿಂದ ನನಗೆ ಎಲ್ಲ ಕಾಣುತ್ತಿತ್ತು. ಕಾಕಾ ಒಂದು ಸಲ ಮೇಲೆ ನೋಡಿದರು. ಆ ಮೂವರಿಗೆ ಕನ್ನಡ ಬರುತ್ತಿರಲಿಲ್ಲ.

"ತಂಗಿ, ಬಾಗಲಾ ಹಾಕ್ಕೊ. ಏನರ ಆಗಲಿ, ಕೆಳಗ ಬರಬ್ಯಾಡ. ನಿನ್ನ ಕೆಲಸ ಮುಗಿದ ಕೂಡಲೇ ಒದರಿ ಹೇಳು."

ಹಾಗಂದು ಕೈಯಲ್ಲಿದ್ದ ಸುತ್ತಿಗೆಯನ್ನು ನೆಲಕ್ಕಿಟ್ಟರು. ಬಂದು ಮೆಟ್ಟಿಲಿನ ಎಲ್ಲಕ್ಕಿಂತ ಕೆಳಗಿನ ಹಂತದ ಮೇಲೆ ಕೂತು, ಎರಡೂ ಕೈಯನ್ನು ಮೊಣಕಾಲಿನ ಮೇಲಿಟ್ಟುಕೊಂಡರು. ಅವರನ್ನು ದಾಟದೆ ಯಾರೂ ಮೇಲೆ ಬರುವ ಹಾಗಿರಲಿಲ್ಲ.

"ಲಿಸ್ಟ್ ಕಿಧರ್ ಹೈ?" ಅಂದ ಪಾರ್ಟ್ನರ್. "ಊಪರ್ ಕಂಪ್ಯೂಟರ್ ಮೇ ಹೈ ನಾ?"

ಕಾಕಾ ತಮ್ಮ ಹರಕು ಹಿಂದಿಯಲ್ಲಿ, ಕಂಪ್ಯೂಟರಿನಲ್ಲಿ ಏನೂ ಇಲ್ಲ, ಅದು ಮಾಲಕರಿಗೆ ತೋರಿಸಲಿಕ್ಕೆ ಮಾಡಿದ ನಾಟಕ ಅಂದರು. ಬೆರಳಿನಿಂದ ತಲೆ ಮುಟ್ಟಿ ತೋರಿಸಿದರು. "ಸಬ್ ಇಧರ್ ಹೈ." ಎಲ್ಲ ಇಲ್ಲಿದೆ, ಮೂವತ್ತು ವರ್ಷದಿಂದ ಇಲ್ಲೇ ಇದೆ, ನಿನಗೆ ಗೊತ್ತಿಲ್ಲವಾ? ಕೇಳು, ಹೇಳುತ್ತೇನೆ ಅಂದರು.

ಅವನು ನಂಬಿದ. ನಂಬದೆ ಏನು, ಅವನೂ ಹತ್ತು ವರ್ಷ ಅವರನ್ನು ನೋಡಿದ್ದ. ಫೋನ್ ತೆಗೆದು ಬರೆದುಕೊಳ್ಳಲು ನಿಂತ. ಕಾಕಾ ಒಂದೊಂದೇ ಹೋಟೆಲಿನ ಹೆಸರು ಹೇಳತೊಡಗಿದರು. ಮೊದಲನೆಯದು ಕೇಳಿ ನಾನು ಪರದೆಯಿಂದ ತಲೆ ಎತ್ತಿದೆ. ಅದು ಬಾಗಿಲು ಮುಚ್ಚಿದ ಹೋಟೆಲು. ಎರಡನೆಯದೂ ಮುಚ್ಚಿದ್ದೇ. ನಿಧಾನವಾಗಿ, ನಂಬರಿನ ಒಂದೊಂದು ಅಂಕಿಯನ್ನೂ ನೆನಪಿಸಿಕೊಳ್ಳುವವರ ಹಾಗೆ ನಟಿಸುತ್ತ, ಸತ್ತ ಹೋಟೆಲುಗಳನ್ನೇ ಹೇಳುತ್ತ ಹೋದರು. ನಾಲ್ಕನೆಯದಕ್ಕೆ ಪಾರ್ಟ್ನರ್ ಬೆರಳು ನಿಲ್ಲಿಸಿದ. ಅಲ್ಲಿ ಈಗ ಬ್ಯಾಂಕಿದೆ ಎಂದು ಅವನಿಗೆ ಗೊತ್ತಿತ್ತು.

ಮೊದಲ ಏಟು ಅವನೇ ಹಾಕಿದ, ಅಂಗೈಯಿಂದ, ಕಿವಿಯ ಮೇಲೆ. ಆಮೇಲೆ ಉಳಿದಿಬ್ಬರು ನೆಲದ ಮೇಲೆ ಬಿದ್ದಿದ್ದ ಪೈಪಿನ ತುಂಡು ಎತ್ತಿಕೊಂಡರು. ಸ್ಟೀಲಿನ ಪೈಪು ಮೈಮೇಲೆ ಬಿದ್ದರೆ ಪತ್ರಾ ಮೇಲೆ ಬಿದ್ದ ಸದ್ದು ಬರುವುದಿಲ್ಲ. ಒದ್ದೆ ಗೋಣಿಚೀಲ ಬಡಿದ ಹಾಗಿರುತ್ತದೆ. ಭುಜ, ಬೆನ್ನು, ಮೊಣಕೈ. ಒಂದು ಏಟು ಎಡಗಣ್ಣಿನ ಮೇಲೆ ಬಿತ್ತು. ಬಿಳೀ ಶರ್ಟಿನ ಎದೆಯೆಲ್ಲ ಕೆಂಪಾಯಿತು. ಅವರ ಕೈಗಳು ಮೊಣಕಾಲು ಬಿಟ್ಟು ಕದಲಲಿಲ್ಲ. ಮುಖ ಮುಚ್ಚಿಕೊಳ್ಳಲಿಕ್ಕೂ ಎತ್ತಲಿಲ್ಲ.

"ಅಬ್ ಬೋಲ್," ಅಂದ ಪಾರ್ಟ್ನರ್.

"ಬರಕೋ," ಅಂದರು ಕಾಕಾ, ಕನ್ನಡದಲ್ಲೇ. ಆಮೇಲೆ ಹಿಂದಿಯಲ್ಲಿ ಇನ್ನೊಂದು ಹೆಸರು ಹೇಳಿದರು. ಅದೂ ಮುಚ್ಚಿದ್ದೇ. ಮತ್ತೆ ಏಟು.

ನನ್ನ ಮಾತು ಇಲ್ಲಿ ಹೇಳಬೇಕು. ಮೊಬೈಲ್ ನನ್ನ ಎದುರಿಗೇ ಇತ್ತು. ಪೊಲೀಸರಿಗೆ ಫೋನ್ ಮಾಡಬಹುದಿತ್ತು. ಮಾಡಿದರೆ ನೆಟ್ ಕಡಿಯುತ್ತಿತ್ತು. ನನ್ನ ಆ ಹಳೆಯ ಫೋನು ಮಾತಾಡುವಾಗ ನೆಟ್ ಕೊಡುತ್ತಿರಲಿಲ್ಲ. ಚಕ್ರ ತಿರುಗುತ್ತಿತ್ತು. ಕೆಳಗೆ ಏಟು ಬೀಳುತ್ತಿತ್ತು. ಫೋನಿಗೆ ಕೈ ಹಾಕುವೆ, ತೆಗೆಯುವೆ. ಅವರು ಹೇಳಿದ್ದು ಕೆಲಸ ಮುಗಿಸು ಅಂತ. ನಾನು ಕೆಲಸ ಮುಗಿಸುತ್ತ ಕೂತೆ. ಹಿಂದಿನ ಗೋಡೆ ಬಡಿದು ಪಕ್ಕದ ಗಾಳಾದವರನ್ನು ಕರೆಯಬಹುದಿತ್ತು ಅನ್ನುವುದು ನನಗೆ ಹೊಳೆದದ್ದು ಎಷ್ಟೋ ತಿಂಗಳ ಮೇಲೆ, ಒಂದು ದಿನ ಬಟ್ಟೆ ಒಣಹಾಕುವಾಗ.

ಪುಟ ತೆರೆಯಿತು. ಪಟ್ಟಿಯ ಅನುಮತಿಯಲ್ಲಿದ್ದ ಗುಂಪಿನ ಹೆಸರು ಹುಡುಕಿ ಕಿತ್ತುಹಾಕಿದೆ. ಪಟ್ಟಿ ಈಗ ನನಗೂ ಮಾಲಕರಿಗೂ ಬಿಟ್ಟು ಯಾರಿಗೂ ಕಾಣದು ಎಂದು ಎರಡು ಸಲ ಓದಿಕೊಂಡೆ. ಕಿಟಕಿಗೆ ಮುಖ ಒತ್ತಿ ಕೂಗಿದೆ.

"ಆತರಿ ಕಾಕಾ!"

ಅವರು ಎದ್ದರು. ಎದ್ದ ರೀತಿ ನೋಡಿದರೆ ಅಷ್ಟು ಹೊತ್ತು ಹೊಡೆಸಿಕೊಂಡವರು ಅಂತ ಅನಿಸುತ್ತಿರಲಿಲ್ಲ. ಬಗ್ಗಿ ಸುತ್ತಿಗೆ ಎತ್ತಿಕೊಂಡು ಪಾರ್ಟ್ನರನ ಬಲ ಮೊಣಕಾಲಿಗೆ ಇಳಿಸಿದರು. ಆ ಸದ್ದನ್ನು ನಾನು ಬರೆಯಲಾರೆ. ಅವನು ಬಿದ್ದ. ಉಳಿದಿಬ್ಬರು ಶಟರ್ ಎತ್ತಿ ಓಡಿದರು. ಅಷ್ಟಕ್ಕೆ ಸಾಕಿತ್ತು. ಕಾಕಾ ಬಿದ್ದವನಿಗೆ ಮತ್ತೊಂದು ಹಾಕಿದರು, ಅದೇ ಕಾಲಿಗೆ. ಮೂರನೆಯದಕ್ಕೆ ಎತ್ತಿದಾಗ ನಾನು ಓಡಿ ಇಳಿದು ಹಿಂದಿನಿಂದ ಶರ್ಟು ಹಿಡಿದೆ. ಸುತ್ತಿಗೆ ಎತ್ತಿದ ಹಾಗೇ ನನ್ನ ಕಡೆ ತಿರುಗಿದರು. ಒಂದು ಕಣ್ಣಲ್ಲಿ ರಕ್ತ, ಇನ್ನೊಂದು ಕಣ್ಣು ನನ್ನನ್ನು ನೋಡುತ್ತಿತ್ತು, ಗುರುತು ಹಿಡಿಯಲಿಲ್ಲ. ತೆರೆದ ಶಟರಿನಿಂದ ಅಕ್ಕಪಕ್ಕದ ಗಾಳಾದವರು ನುಗ್ಗಿ ಬಂದು ಅವರ ಕೈಯಿಂದ ಅದನ್ನು ಬಿಡಿಸಿದರು.

ಎಡಗಣ್ಣು ಹೋಯಿತು. ಎರಡು ಪಕ್ಕೆಲುಬು, ಒಂದು ಮೊಣಕೈ. ಸರಕಾರಿ ಆಸ್ಪತ್ರೆಯಲ್ಲಿ ಹದಿನೆಂಟು ದಿನ. ಎರಡೂ ಕಡೆಯವರ ಮೇಲೆ ಕೇಸಾಯಿತು. ವರ್ಷ ಕಳೆದು ದೊಡ್ಡವರು ನಡುವೆ ಬಂದು ಎರಡೂ ಕಡೆ ಹಿಂದೆಗೆದುಕೊಂಡರು. ಪಾರ್ಟ್ನರ್ ಕೋಲು ಹಿಡಿದು ನಡೆಯುತ್ತಾನೆ, ಗಾಳಾ ಮಾರಿಬಿಟ್ಟ. ಮೂರು ವಾರ ಆ ಪಟ್ಟಿ ತನ್ನ ಮೇಲಿನಲ್ಲೇ ಇತ್ತು ಅನ್ನುವುದು ಅವನಿಗೆ ಇಂದಿಗೂ ಗೊತ್ತಿಲ್ಲ.

ಆಸ್ಪತ್ರೆಯಲ್ಲಿ ನಾನು ಅವರ ಹಾಸಿಗೆಯ ಪಕ್ಕ ನಿಂತು, "ಕಾಕಾ, ನಾ ಮೊದಲ ಪೊಲೀಸರಿಗೆ ಫೋನ್ ಮಾಡಬೇಕಿತ್ತರಿ" ಅಂದೆ.

"ಚಲೋ ಮಾಡಿದಿ," ಅಂದರು. "ಹಿಡಿದ ಕೆಲಸ ಅರ್ಧಕ್ಕ ಬಿಡಬಾರದು."

ವಾರ್ಡಿನ ಹೊರಗೆ ಬೆಂಚಿನ ಮೇಲೆ ಅವರ ಹೆಂಡತಿ ಕೂತಿದ್ದರು. ತೆಳ್ಳಗಿನ ಹೆಂಗಸು, ತಲೆಯ ಮೇಲೆ ಸೆರಗು. ಅಳುತ್ತಿರಲಿಲ್ಲ. ಎಂಥ ಗಟ್ಟಿ ಜೀವ ಅಂದುಕೊಂಡು ನಾನು ಕೈ ಮುಗಿದು ಬಂದೆ.

ಕಾಕಾ ಮತ್ತೆ ಎರಡು ವರ್ಷ ಕೆಲಸಕ್ಕೆ ಬಂದರು. ಸಿಟ್ಟು ಇಳಿದಿರಲಿಲ್ಲ. ಒಂದು ಕಣ್ಣು ಹೋದದ್ದಕ್ಕೆ ಎಸೆದದ್ದು ಗುರಿ ತಪ್ಪುತ್ತಿತ್ತು ಅಷ್ಟೇ. ಹುಡುಗರು ಈಗ ಓಡುತ್ತಲೂ ಇರಲಿಲ್ಲ, ಸುಮ್ಮನೆ ಒಂದು ಹೆಜ್ಜೆ ಎಡಕ್ಕೆ ಸರಿಯುತ್ತಿದ್ದರು. ಮಾಲಕರು ಹೊಸ ಗಿರಾಕಿ ಬಂದಾಗಲೆಲ್ಲ ಆ ದಿನದ ಕಥೆ ಹೇಳುವರು. "ಒಂದು ಕೈ ಎತ್ತಲಿಲ್ಲ ಮಾರಾಯ್ರೆ, ನಮ್ಮ ಎಂಟು ಮನೆಯ ಅನ್ನ ಉಳಿಸಿದ್ರು." ಕಾಕಾ ಕೆಳಗೆ ಪತ್ರಾ ಬಡಿಯುತ್ತ ಕೇಳಿಯೂ ಕೇಳದವರ ಹಾಗಿರುತ್ತಿದ್ದರು. ಆಮೇಲೆ ಸಕ್ಕರೆ ಕಾಯಿಲೆ ಜಾಸ್ತಿಯಾಗಿ, ಕಿಡ್ನಿ ಕೆಟ್ಟು, ಮನೆ ಹಿಡಿದರು. ಹೋದ ತಿಂಗಳು ತೀರಿಕೊಂಡರು.

ಹನ್ನೊಂದು ದಿನ ಮುಗಿದ ಮೇಲೆ ಒಂದು ರವಿವಾರ ಅವರ ಚಾಳ್ ಮನೆಗೆ ಹೋದೆ. ಒಂದೇ ಕೋಣೆ, ಒಳಗೇ ಅಡುಗೆಯ ಕಟ್ಟೆ. ಅವರ ಹೆಂಡತಿ ಕಾಕೂ ಚಹಾ ಕೊಟ್ಟು ಎದುರಿಗೆ ಕೂತರು. ನಾನು ಹೇಳಬೇಕೆಂದು ಹೋದದ್ದನ್ನು ಹೇಳತೊಡಗಿದೆ: ಅಂಥ ಮನುಷ್ಯ ಸಿಗುವುದಿಲ್ಲ, ನಾನು ಮಾಡಿದ ತಪ್ಪಿಗೆ ಅವರು ಕಣ್ಣು ಕೊಟ್ಟರು.

"ಆ ದಿವಸ ಏನಾತು ಅಂತ ನನಗ ಯಾರೂ ಸರಿಯಾಗಿ ಹೇಳಿಲ್ಲ ತಂಗಿ," ಅಂದರು ಕಾಕೂ. "ಒಬ್ಬೊಬ್ಬರು ಒಂದೊಂದು ಹೇಳ್ತಾರ. ನೀ ಕಣ್ಣಾರೆ ನೋಡಿದಾಕಿ. ಹೇಳು."

ಹೇಳಿದೆ. ಸುತ್ತಿಗೆ ಕೆಳಗಿಟ್ಟದ್ದು, ಮೆಟ್ಟಿಲ ಮೇಲೆ ಕೂತದ್ದು, ಎಲ್ಲ. ಅವರು ನಡುವೆ ತಡೆದು ಕೇಳಿದರು.

"ಎಷ್ಟೊತ್ತು ಹೊಡದ್ರು?"

"ಇಪ್ಪತ್ತ ಮಿನಿಟ್ ಆಗಿರಬೇಕ್ರಿ ಕಾಕೂ."

"ಇವರ ಕೈ ಎಲ್ಲಿದ್ದವು?"

"ಮೊಣಕಾಲ ಮ್ಯಾಲ ಇದ್ವರಿ. ಒಮ್ಮೇನೂ ಎತ್ತಲಿಲ್ಲ."

"ಬೈದ್ರೇನು? ಒದರಿದ್ರೇನು?"

"ಇಲ್ರಿ. ಸುಮ್ಮನ ಕುಂತಿದ್ರು. ನಾ ಆತು ಅನ್ನೂತನಕ."

ಹೊರಗೆ ಚಾಳಿನ ನಳದಲ್ಲಿ ಯಾರೋ ಕೊಡ ತುಂಬುತ್ತಿದ್ದರು. ಕಾಕೂ ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದಾಗ ನಾನು ಅದನ್ನು ಮೊದಲ ಸಲ ನೋಡಿದೆ. ಬಲಗೈಯ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು.

"ನನಗ ಹೊಡದ ಮ್ಯಾಲ ಪ್ರತಿ ಸರ್ತಿ ಬಂದು ಬಾಜೂಕ ಕುಂದ್ರತಿದ್ರು," ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "'ಏನ ಮಾಡ್ಲಿ, ನನ್ನ ಕೈ ನನ್ನ ಮಾತ ಕೇಳಂಗಿಲ್ಲ' ಅಂತಿದ್ರು. ಕಣ್ಣಾಗ ನೀರು ತರತಿದ್ರು. ಮೂವತ್ತೆಂಟ ವರ್ಷ ನಾ ಅದನ್ನ ನಂಬಿದೆ ನೋಡು. ಪಾಪ, ಇದೊಂದು ರೋಗ, ಇವರದೇನು ತಪ್ಪು ಅಂತ ದೇವರಿಗೆ ಹರಕಿ ಹೊತ್ತೆ."

ನನ್ನ ಕೈಯಲ್ಲಿ ಚಹಾದ ಬಟ್ಟಲು ಹಾಗೇ ಇತ್ತು.

"ಅಂದ್ರ, ಕೈ ಕೇಳ್ತಿತ್ತು," ಅಂದರು ಕಾಕೂ.